ಬೀಗರೂಟಕ್ಕೆ ತೋಟ ಕೊಡೋ ಮುಂಚೆ ಕಾಗದ ಕೇಳಿ

ಮದುವೆ ಸೀಸನ್ ಶುರುವಾಯ್ತು. ಬೀಗರೂಟ ಅಂದ್ರೆ ಈಗ ಎಷ್ಟು ಮರಿ ಕಡಿದ್ರು ಅನ್ನೋದಕ್ಕಿಂತ ಎಷ್ಟು ಕೇಸ್ ಇಳಿಸಿದ್ರು ಅನ್ನೋದೇ ಲೆಕ್ಕ. ಊಟದ ಶಾಮಿಯಾನ ಮನೆ ಮುಂದೆ, 'ಅದರ' ಶಾಮಿಯಾನ ಯಾರದ್ದೋ ತೆಂಗಿನ ತೋಟದಲ್ಲಿ. ತೋಟದ ಯಜಮಾನರನ್ನ ಕೇಳಿದ್ರೆ, "ಜಮೀನು ನಮ್ದು, ದುಡ್ಡು ಅವರದು, ಮಾರೋದೇನೂ ಇಲ್ವಲ್ಲ, ಪರ್ಮಿಷನ್ ಯಾಕೆ?" ಅಂತಾರೆ.

ಈ ಮಾತನ್ನ ಇನ್ನಾದರೂ ಬಿಡಿ ಸ್ವಾಮಿ. ಮಾರಿದ್ರೆ ಮಾತ್ರ ಅಬಕಾರಿ ಕಾನೂನು ಅನ್ನೋದು ಸುಳ್ಳು. ಇಟ್ಟುಕೊಳ್ಳೋಕೂ ಮಿತಿ ಇದೆ. ಒಬ್ಬರ ಹತ್ರ ವಿಸ್ಕಿ, ಬ್ರಾಂದಿ, ರಮ್ ಥರದ್ದು 2.3 ಲೀಟರ್, ಬಿಯರ್ 18.2 ಲೀಟರ್. ಅಂದ್ರೆ ಮೂರು ಫುಲ್ ಬಾಟ್ಲು. ನಮ್ಮ ಕಡೆ ಅಷ್ಟು ಅಡುಗೆಯವರಿಗೇ ಸಾಲಲ್ಲ! ಇಂಥ ಸಮಾರಂಭಕ್ಕೆ ಅಂತಲೇ ಸಿಎಲ್-5 ಅನ್ನೋ ಸಾಂದರ್ಭಿಕ ಲೈಸೆನ್ಸ್ 1968ರ ನಿಯಮದಲ್ಲಿದೆ. ಪೇಟೆಯವರು ಅರ್ಜಿ ಹಾಕಿ, ಶುಲ್ಕ ಕಟ್ಟಿ ತಗೋತಾರೆ. ನಮಗೆ ಮಾತ್ರ ಅದೇನೋ ಅವಮಾನ.

ಕಾಗದ ಇಲ್ದೆ ಪೊಲೀಸರು ಬಂದ್ರೆ ಕುಡಿದವರು ಓಡ್ತಾರೆ. ತೋಟ ಓಡಲ್ಲ, ಪಹಣಿ ನಿಮ್ಮ ಹೆಸರಲ್ಲಿದೆ. ಕುಡಿಯೋಕೆ ಜಾಗ ಮಾಡಿಕೊಟ್ಟ ಅಂತ ಹಾಕೋ ಕಲಂ 15ಎ ಕೇಸುಗಳನ್ನ ಪೇಪರಲ್ಲಿ ಓದ್ತಾನೇ ಇರ್ತೀವಿ. ತೋಟ ಸಾರ್ವಜನಿಕ ಸ್ಥಳ ಅಲ್ಲ ಅಂತ ವಾದ ಮಾಡಬಹುದು. ಮಾಡಿ, ಲಾಯರ್ ಫೀಸ್ ಕೊಟ್ಟು ಕೋರ್ಟಲ್ಲಿ ಮಾಡಿ.

ಅಲೆದಾಟ ಜಾಸ್ತಿ ಅನ್ನೋ ದೂರು ನ್ಯಾಯವೇ. ಕಚೇರಿಗೆ ಒಂದು ದಿನ ಹೋದ್ರೆ ನೀರಿನ ಸರದಿ ತಪ್ತದೆ. ಆದ್ರೆ ಡಿಜೆಗೆ ಚೌಕಾಸಿ ಮಾಡದೆ ಕೊಡೋರು ಲೈಸೆನ್ಸ್ ಶುಲ್ಕ ಅಂದಾಕ್ಷಣ ಬಡವರಾಗೋದು ನೋಡಿದ್ರೆ ನಗು ಬರ್ತದೆ.

ಲೈಸೆನ್ಸ್ ಇದ್ದಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಪಕ್ಕದ ಗದ್ದೆಯವನನ್ನ ಯಾರು ಕೇಳ್ತಾರೆ? ಕಾಲುವೆಗೆ ಎಸೆದ ಬಾಟ್ಲು ಒಡೆದು ಗದ್ದೆಗೆ ಬರ್ತದೆ, ರೋಟವೇಟರ್ ಹೊಡೆದ್ರೆ ಒಂದು ಬಾಟ್ಲು ನೂರು ಚೂರು. ನಾಟಿ ದಿನ ಆ ಕೆಸರಿಗೆ ಬರಿಗಾಲಲ್ಲಿ ಇಳಿಯೋರು ಹೆಣ್ಣಾಳುಗಳು. ಕಾಲು ಕುಯ್ದುಕೊಂಡು ಹೊಲಿಗೆ ಹಾಕಿಸಿ, ವಾರದ ಕೂಲಿ ಕಳಕೊಂಡಾಗ ಯಾವ ಬೀಗರೂ ಬರಲ್ಲ.

ನಮ್ಮ ತೋಟ ಕೇಳೋಕೆ ಬಂದವರಿಗೆ ನಾನು ಹೇಳೋದು: ಮೊದಲು ಲೈಸೆನ್ಸ್ ತೋರಿಸಿ. ಖಾಲಿ ಚೀಲ ನಾನೇ ಕೊಡ್ತೀನಿ. ಐದು ಸಾವಿರ ಮುಂಗಡ ಇಡಿ, ಮಾರನೇ ಬೆಳಿಗ್ಗೆ ಬದು, ಕಾಲುವೆ ಎಲ್ಲ ಆರಿಸಿದ ಮೇಲೆ ವಾಪಸ್ಸು. ಈ ಸಲ ಇಬ್ಬರು ಬೇಜಾರಾಗಿ ಮೇಲಿನ ತೋಟಕ್ಕೆ ಹೋದ್ರು. ಆ ತೋಟದ ನೀರು ಇಳಿಯೋದೂ ನಮ್ಮ ಗದ್ದೆಗೇ, ಅದಕ್ಕೇ ಇಲ್ಲಿ ಬರೀತಿದೀನಿ.