ಕೂಣಿ ಇಟ್ಟ ಜಾಗದ ಹೆಸರು

ಹೋದ ಜೂನ್ ತಿಂಗಳಲ್ಲಿ ಸಾಗರ ಸೀಮೆಯ ಒಂದು ಹಳ್ಳದ ದಂಡೆಯಲ್ಲಿ ರಾತ್ರಿಯಿಡೀ ಕೂತಿದ್ದೆ. ಮುಂಗಾರಿನ ಮೊದಲ ಜಡಿಮಳೆ ಹೊಯ್ದು ಹಳ್ಳಕ್ಕೆ ಕೆಂಪು ನೀರು ಬಂದಿತ್ತು. ನೀರು ಏರಿದ್ದೇ ತಡ, ಹೊಳೆಯ ಮೀನು ಮೊಟ್ಟೆಯಿಡಲು ಗದ್ದೆ ಬಯಲಿನ ಕಡೆಗೆ ಹತ್ತಲು ಶುರುಮಾಡುತ್ತದೆ. ಮಲೆನಾಡಿನಲ್ಲಿ ಅದಕ್ಕೆ ಹತ್ತುಮೀನು ಎಂದೇ ಹೆಸರು. ನನ್ನನ್ನು ಕರೆದುಕೊಂಡು ಹೋಗಿದ್ದ ಅಜ್ಜನಿಗೆ ಎಪ್ಪತ್ತು ದಾಟಿದೆ. ಎರಡೂ ದಂಡೆಯಿಂದ ಓರೆಯಾಗಿ ಕಲ್ಲು ಪೇರಿಸಿ, ಸಂದಿಗೆ ಸೊಪ್ಪು ಹುಲ್ಲು ತುರುಕಿ, ನಡುವೆ ಮೊಳದಷ್ಟು ಅಗಲದ ಬಾಯಿ ಬಿಟ್ಟಿದ್ದರು. ಆ ಬಾಯಿಗೆ ಬಿದಿರಿನ ಕೂಣಿ. ಕೂಣಿಯ ಬಾಯೊಳಗೆ ಇನ್ನೊಂದು ಬಾಯಿ. ಅದರ ಸೀಳು ಕಡ್ಡಿಗಳು ಒಳಮುಖವಾಗಿ ಬಾಗಿರುತ್ತವೆ. ಒಳಗೆ ನುಗ್ಗುವ ಮೀನಿಗೆ ಅವು ದಾರಿ ಕೊಡುತ್ತವೆ, ಹಿಂದಿರುಗುವ ಮೀನಿಗೆ ಮುಳ್ಳಾಗುತ್ತವೆ.

‘ಮೇಲ್ಗಡೆ ಹಳ್ಳ ಇನ್ನೂ ಸಪೂರ ಇದೆಯಲ್ಲ ಅಜ್ಜ, ಇಲ್ಲೇ ಯಾಕೆ?’ ಎಂದು ಕೇಳಿದೆ.

‘ಅಲ್ಲಿ ನೀರು ಬಯ್ತದೆ ಮಾರಾಯ್ರೆ. ಇಲ್ಲಿ ಮಾತಾಡ್ತದೆ. ಬಯ್ಯೋ ನೀರಲ್ಲಿ ಮೀನು ಕೂಣಿಗೆ ಬರೋದಿಲ್ಲ.’

ಆ ಜಾಗಕ್ಕೆ ಒಂದು ಹೆಸರೂ ಇದೆ: ದೊಡ್ಡಮ್ಮನ ಬಾಯಿ. ಯಾವ ದೊಡ್ಡಮ್ಮ ಎಂದರೆ ಅಜ್ಜನಿಗೂ ಗೊತ್ತಿಲ್ಲ. ಅವರ ತಾಯಿ ಹಾಗೆ ಹೇಳುತ್ತಿದ್ದರಂತೆ. ಮೂರು ರಾತ್ರಿ ಆದ ಮೇಲೆ ಕೂಣಿ ಎತ್ತಬೇಕು, ಆಮೇಲೆ ಹತ್ತುವ ಮೀನು ಗದ್ದೆಯದ್ದು ಎಂಬ ಮಾತನ್ನೂ ಆ ತಾಯಿಯೇ ಹೇಳಿಕೊಟ್ಟದ್ದು. ಮಳೆ ಇಳಿದ ಮೇಲೆ ಆ ಒಡ್ಡಿನಲ್ಲಿ ಹತ್ತಿಪ್ಪತ್ತು ಕಲ್ಲು ಮಾತ್ರ ಉಳಿದಿತ್ತು. ಬೇಸಗೆಯಲ್ಲಿ ಹೋದವರಿಗೆ ಅದು ಹಳ್ಳದ ಕಲ್ಲು, ಅಷ್ಟೆ.

ಈ ಸಂಚಿಕೆಯ ಕೆಲವು ಪುಟಗಳನ್ನು ನೀರಿಗೆ ಅಡ್ಡ ಕಟ್ಟಿ ಮೀನು ಹಿಡಿಯುವ ಹಳೆಯ ವಿದ್ಯೆಗೆ ಮೀಸಲಿಡಲು ಆ ರಾತ್ರಿಯೇ ಕಾರಣ. ಓದುತ್ತಾ ಹೋದ ಹಾಗೆ ನನ್ನನ್ನು ಕಾಡಿದ ಸಂಗತಿ ಒಂದೇ. ಮೀನಿನ ಒಡ್ಡು ಲೋಕದ ಎಲ್ಲ ಕಡೆಯೂ ಇದೆ, ಸಾವಿರಾರು ವರ್ಷಗಳಿಂದ ಇದೆ. ಆದರೆ ಕಾಗದದ ಮೇಲೆ ಅದು ಕಾಣಿಸಿಕೊಂಡಾಗೆಲ್ಲ ಬಹುಪಾಲು ಆರೋಪಿಯಾಗಿಯೇ ಕಾಣಿಸಿಕೊಂಡಿದೆ.

1215ರ ಮ್ಯಾಗ್ನಾ ಕಾರ್ಟಾವನ್ನು ಹಕ್ಕುಗಳ ಮೂಲಪತ್ರ ಎಂದು ಶಾಲೆಯಲ್ಲಿ ಓದಿದ್ದೇವೆ. ಅದರ 33ನೆಯ ಕಲಮು ಥೇಮ್ಸ್, ಮೆಡ್ವೇ ನದಿಗಳಲ್ಲಿ ಮಾತ್ರವಲ್ಲ, ಇಡೀ ಇಂಗ್ಲೆಂಡಿನಲ್ಲಿ ಕಡಲ ತೀರವೊಂದನ್ನು ಬಿಟ್ಟು ಉಳಿದೆಡೆಯ ಮೀನಿನ ಒಡ್ಡುಗಳನ್ನೆಲ್ಲ ಕಿತ್ತುಹಾಕಬೇಕು ಎನ್ನುತ್ತದೆ. ಕಟ್ಟಿದವರು ಯಾರು, ಹೇಗೆ ಕಟ್ಟಿದರು ಎಂಬುದು ಅಲ್ಲಿಲ್ಲ. ನಮ್ಮಲ್ಲೂ ಹೆಚ್ಚು ಕಡಿಮೆ ಇದೇ ಆಯಿತು. ಮದರಾಸು ಸೇನೆಯ ವೈದ್ಯರಾಗಿದ್ದು ಭಾರತದ ಮೀನುಗಳ ಬಗ್ಗೆ ಇವತ್ತಿಗೂ ಆಧಾರವಾಗಿರುವ ಗ್ರಂಥ ಬರೆದ ಫ್ರಾನ್ಸಿಸ್ ಡೇ, 1873ರಲ್ಲಿ ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆ ಕುರಿತು ಒಂದು ದೊಡ್ಡ ವರದಿ ಕೊಟ್ಟರು. ಜಿಲ್ಲೆ ಜಿಲ್ಲೆಯ ಅಧಿಕಾರಿಗಳಿಂದ ಉತ್ತರ ತರಿಸಿಕೊಂಡು ಮಾಡಿದ ಕೆಲಸ ಅದು. ಮರಿಮೀನು, ಮೊಟ್ಟೆಮೀನುಗಳ ನಾಶವೇ ಅವರ ಚಿಂತೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷವನ್ನು ನೇರವಾಗಿ ಅಪರಾಧವೆಂದಿತು. ನೆಲಕ್ಕೆ ಊರಿದ ಬೋನು, ಪಂಜರ, ಬಲೆಗಳನ್ನೂ ಒಡ್ಡು ಕಟ್ಟುವುದನ್ನೂ ಗೊತ್ತುಮಾಡಿದ ನೀರುಗಳಲ್ಲಿ ತಡೆಯುವ ಅಧಿಕಾರವನ್ನು ಪ್ರಾಂತ್ಯ ಸರ್ಕಾರಗಳಿಗೆ ಕೊಟ್ಟಿತು. ಕೂಣಿ ಕಾನೂನಿನ ಕಣ್ಣಿಗೆ ಬಿದ್ದದ್ದು ಹೀಗೆ.

ಡೇ ಅವರ ಆತಂಕ ಸುಳ್ಳಲ್ಲ. ಹತ್ತುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ, ಅದನ್ನು ಕಂಡಷ್ಟೂ ಹಿಡಿದರೆ ಮುಂದಿನ ವರ್ಷ ಹಳ್ಳ ಬರಿದು. ಇದನ್ನು ಮುಚ್ಚಿಟ್ಟು ಕೂಣಿಯ ಗುಣಗಾನ ಮಾಡುವ ಮನಸ್ಸು ನನಗಿಲ್ಲ. ನನ್ನ ತಕರಾರು ಬೇರೆ. ಎಷ್ಟು ಮೀನು ಸತ್ತಿತು ಎಂದು ಕೇಳುವ ಪತ್ರ ತಾಲ್ಲೂಕು ಕಚೇರಿಗೆ ಹೋಗುತ್ತದೆ. ಮೂರನೆಯ ರಾತ್ರಿಯ ನಂತರ ಕೂಣಿ ಎತ್ತುವವರು ಯಾರು ಎಂದು ಕೇಳಬೇಕಾದರೆ ಹಳ್ಳದ ದಂಡೆಗೇ ಬರಬೇಕು.

ಹಾಗೆ ದಂಡೆಗೆ ಬಂದು ಬರೆದ ಒಂದು ಬರಹದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಬ್ರೆವಾರಿನಾ ಎಂಬ ಊರಿನಲ್ಲಿ ಬಾರ್ವನ್ ನದಿಗೆ ಅಡ್ಡಲಾಗಿ ಸುಮಾರು ಅರ್ಧ ಕಿಲೋಮೀಟರು ಉದ್ದಕ್ಕೆ ಕಲ್ಲಿನ ದೊಡ್ಡಿಗಳಿವೆ. ಒಂದಕ್ಕೊಂದು ಅಂಟಿಕೊಂಡ, ದುಂಡಗೆ, ಮೊಟ್ಟೆಯಾಕಾರಕ್ಕೆ ಬಾಗಿದ ಗಿಡ್ಡ ಗೋಡೆಗಳು. ಗಾರೆ ಇಲ್ಲ, ಕಲ್ಲಿಗೆ ಕಲ್ಲೇ ಆಸರೆ. ಮೀನು ಒಳಗೆ ಬಂದ ಮೇಲೆ ಬಾಯಿಗೆ ಕಲ್ಲಿಟ್ಟು ಮುಚ್ಚುತ್ತಿದ್ದರು. ಅಲ್ಲಿನ ಮೂಲನಿವಾಸಿ ಙೆಂಬಾ ಜನ ಅದನ್ನು ಬೈಯಾಮೆಯ ಙುನ್ಹು ಎನ್ನುತ್ತಾರೆ. (ಮಕ್ಕಳು ವರ್ಣಮಾಲೆಯಲ್ಲಿ ಕಲಿತು ಮರೆತೇಬಿಡುವ ನಮ್ಮ ಙ ಅಕ್ಷರ ಈ ಹೆಸರು ಬರೆಯಲು ಒದಗಿ ಬಂದದ್ದು ನನಗೆ ಬಹಳ ಖುಷಿಯಾಯಿತು.) ಸೃಷ್ಟಿಕರ್ತ ಬೈಯಾಮೆ ತನ್ನ ಬಲೆಯನ್ನು ನದಿಯ ಮೇಲೆ ಬೀಸಿ ತೋರಿಸಿದ, ಅದೇ ವಿನ್ಯಾಸದಲ್ಲಿ ಅವನ ಇಬ್ಬರು ಮಕ್ಕಳು ಕಲ್ಲು ಪೇರಿಸಿದರು ಎಂಬುದು ಅವರ ಕಥೆ.

ಆರ್.ಎಚ್. ಮ್ಯಾಥ್ಯೂಸ್ ಎಂಬ ಮೋಜಣಿದಾರ ಇದನ್ನು ಅಳೆದು 1903ರಲ್ಲಿ ನ್ಯೂ ಸೌತ್ ವೇಲ್ಸಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಬರೆದರು. ಅಳತೆ ಅವರ ಕಸುಬು, ಅದನ್ನು ಮಾಡಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಯಾವ ದೊಡ್ಡಿ ಯಾವ ಮನೆತನದ್ದು ಎಂಬುದು ಗೊತ್ತಾಗಿಯೇ ಇತ್ತು, ಪ್ರತಿ ದೊಡ್ಡಿಗೂ ಒಂದೊಂದು ಹೆಸರಿತ್ತು ಎಂದು ದಾಖಲಿಸಿದರು. ಗೋಡೆಯ ಉದ್ದಗಲ ಸರಪಳಿ ಹಿಡಿದರೆ ಸಿಗುತ್ತದೆ. ಹೆಸರಿತ್ತು ಎಂಬುದು ಬಾಯಿಬಿಟ್ಟು ಕೇಳದೆ ಸಿಗುವ ವಿಷಯವಲ್ಲ. ಆ ಒಂದು ವಾಕ್ಯಕ್ಕಾಗಿ ನಾನು ಮ್ಯಾಥ್ಯೂಸರಿಗೆ ಋಣಿ. ಮುಂದೆ ದೋಣಿ ಹೋಗಲೆಂದು, ಊರಿನ ಕಟ್ಟಡಕ್ಕೆ ಬೇಕೆಂದು ಅಲ್ಲಿನ ಕಲ್ಲು ಎತ್ತಿದರು. 2005ರಲ್ಲಿ ಅದು ಆ ದೇಶದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು.

ಇದು ಮನುಷ್ಯ ಕಟ್ಟಿದ್ದರಲ್ಲಿ ಅತ್ಯಂತ ಹಳೆಯದು, ನಲವತ್ತು ಸಾವಿರ ವರ್ಷದ್ದು ಎಂದು ಹೇಳುವವರಿದ್ದಾರೆ. ಹಾಗೆ ಸಾಧಿಸಿ ತೋರಿಸಿದವರಿಲ್ಲ. ಪ್ರವಾಹ ಬಂದಾಗೆಲ್ಲ ಕಲ್ಲು ಉರುಳುತ್ತದೆ, ಮತ್ತೆ ಪೇರಿಸುತ್ತಾರೆ. ಹೀಗೆ ಸದಾ ರಿಪೇರಿಯಲ್ಲಿರುವ ಗೋಡೆಗೆ ಹುಟ್ಟಿದ ದಿನ ಹುಡುಕುವುದು ಕಷ್ಟ. ಮರವಾದರೆ ಸುಲಭ. ಅಮೆರಿಕದ ಬಾಸ್ಟನ್ ನಗರದಲ್ಲಿ 1913ರಲ್ಲಿ ಸುರಂಗ ರೈಲಿಗೆ ಅಗೆಯುವಾಗ ಬಾಯ್ಲ್‌ಸ್ಟನ್ ಬೀದಿಯಡಿ ಕೆಸರಿನಲ್ಲಿ ಸಾಲುಸಾಲು ಗೂಟಗಳು ಸಿಕ್ಕವು, ಸುಮಾರು ಐದು ಸಾವಿರ ವರ್ಷ ಹಳೆಯವು. ಬಹುಕಾಲ ಅದನ್ನು ಒಂದೇ ದೊಡ್ಡ ಒಡ್ಡು ಎಂದು ನಂಬಿದ್ದರು. ಮತ್ತೆ ಪರಿಶೀಲಿಸಿದಾಗ ಅದು ತಲೆಮಾರು ತಲೆಮಾರು ಕಟ್ಟಿದ ಹಲವು ಸಣ್ಣ ಒಡ್ಡುಗಳು ಎಂದು ಗೊತ್ತಾಯಿತು. ಇದು ಅಜ್ಜನಿಗೆ ಆಶ್ಚರ್ಯದ ಸುದ್ದಿಯಲ್ಲ. ದೊಡ್ಡಮ್ಮನ ಬಾಯಿಯನ್ನು ಪ್ರತಿ ಜೂನ್‌ನಲ್ಲೂ ಹೊಸದಾಗಿ ಕಟ್ಟಬೇಕು.

ಕಟ್ಟಿದವರ ಮಕ್ಕಳೇ ಬರೆಯಲು ಕೂತಾಗ ಏನಾಗುತ್ತದೆ ಎಂಬುದಕ್ಕೂ ಆಸ್ಟ್ರೇಲಿಯಾದಲ್ಲೇ ಉದಾಹರಣೆ ಇದೆ. ವಿಕ್ಟೋರಿಯಾ ರಾಜ್ಯದ ಬಜ್ ಬಿಮ್ ಎಂಬಲ್ಲಿ ಗುಂಡಿಚ್‌ಮಾರಾ ಜನ ಜ್ವಾಲಾಮುಖಿಯ ಕಲ್ಲು ಸರಿಸಿ, ಕಾಲುವೆ ತೋಡಿ, ಹಾವುಮೀನು ಸಾಕಿ ಹಿಡಿಯುವ ವ್ಯವಸ್ಥೆ ಮಾಡಿಕೊಂಡಿದ್ದರು. ಒಂದು ಕಾಲುವೆಯ ಹೂಳಿನಲ್ಲಿದ್ದ ಇದ್ದಿಲಿನಿಂದ ಅದರ ವಯಸ್ಸು 6,600 ವರ್ಷ ಎಂದು ತಿಳಿಯಿತು. ಆ ಜನರೇ ಮುಂದೆ ನಿಂತು ಅರ್ಜಿ ಹಾಕಿಸಿ, 2019ರ ಜುಲೈಯಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಮನ್ನಣೆ ಪಡೆದರು. ಅದೇ ವರ್ಷದ ಕೊನೆಗೆ ಕಾಡ್ಗಿಚ್ಚು ಬಿದ್ದು ಹುಲ್ಲು ಸುಟ್ಟಾಗ ಅದುವರೆಗೆ ಯಾರೂ ಗುರುತು ಮಾಡದಿದ್ದ ಕಾಲುವೆಗಳು ಕಾಣಿಸಿದವು. ಒಂದು ಇಪ್ಪತ್ತೈದು ಮೀಟರು ಉದ್ದದ್ದು.

ನಮ್ಮ ಕಡೆ ಏನಿದೆ? ಮಲೆನಾಡಿನ ಕೂಣಿ ಇದೆ. ಅಘನಾಶಿನಿಯ ಗಜನಿ ಬಯಲುಗಳಲ್ಲಿ ಕಗ್ಗ ಭತ್ತದ ಜೊತೆಗೆ ಉಬ್ಬರ ಇಳಿತಗಳನ್ನು ಬಾಗಿಲು ಹಾಕಿ ತೆಗೆದು ಮೀನು ಸಿಗಡಿ ಹಿಡಿಯುವ ಕ್ರಮ ಇದೆ. ಇವುಗಳ ಮೇಲೆ ಲೇಖನಗಳು ಬಂದಿವೆ, ಫೋಟೋಗಳು ಬೇಕಾದಷ್ಟು ಬಂದಿವೆ. ಹತ್ತುಮೀನಿನ ಚಿತ್ರಗಳಿಗಂತೂ ಪ್ರತಿ ಮಳೆಗಾಲದಲ್ಲೂ ಬರವಿಲ್ಲ. ಆ ಚಿತ್ರಗಳಲ್ಲಿ ಬುಟ್ಟಿ ತುಂಬ ಮುಗುಡು ಇರುತ್ತದೆ, ಹಿಡಿದವರ ನಗುಮುಖ ಇರುತ್ತದೆ. ಯಾವ ಹಳ್ಳ, ಯಾವ ತಿರುವು, ಮೊದಲ ಕಲ್ಲು ಇಡುವ ಹಕ್ಕು ಯಾರದು, ಕೂಣಿ ಹೆಣೆದ ಕೈ ಯಾವುದು ಎಂಬುದಿರುವುದಿಲ್ಲ. ಕೂಣಿ ಹೆಣೆಯುವವರೂ ವರ್ಷ ವರ್ಷ ಕಮ್ಮಿಯಾಗುತ್ತಿದ್ದಾರೆ. ಆ ಅಜ್ಜನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ದೊಡ್ಡಮ್ಮನ ಬಾಯಿ ಎಲ್ಲಿದೆ ಎಂದು ಗೊತ್ತು, ಕೂಣಿಯ ಒಳಬಾಯಿ ಕಟ್ಟಲು ಬಾರದು.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಮುಂಗಾರಿಗೆ ಮುಂಚೆ ನಿಮ್ಮ ಮನೆಯ, ನಿಮ್ಮ ಊರಿನ ಹಿರಿಯರ ಹತ್ತಿರ ಕೂತು ಕೇಳಿ. ಒಡ್ಡು ಎಲ್ಲಿ ಕಟ್ಟುತ್ತಿದ್ದರು, ಆ ಜಾಗವನ್ನು ಏನೆಂದು ಕರೆಯುತ್ತಿದ್ದರು, ಎಷ್ಟು ರಾತ್ರಿ ಇಡುತ್ತಿದ್ದರು, ಸಿಕ್ಕ ಮೀನು ಹೇಗೆ ಹಂಚುತ್ತಿದ್ದರು. ಅವರ ಮಾತಿನಲ್ಲೇ ಬರೆದು ನಮಗೆ ಕಳಿಸಿ. ತಿದ್ದಿ ಗ್ರಂಥಭಾಷೆಗೆ ತರುವುದು ಬೇಡ. ಬಂದದ್ದನ್ನೆಲ್ಲ ಮಳೆಗಾಲದ ಸಂಚಿಕೆಯಲ್ಲಿ ಹಾಗೆಯೇ ಅಚ್ಚು ಹಾಕುತ್ತೇವೆ. ಫೋಟೋ ಇಲ್ಲದಿದ್ದರೂ ಪರವಾಗಿಲ್ಲ, ಜಾಗದ ಹೆಸರು ಮಾತ್ರ ಬಿಡಬೇಡಿ.