ಪ್ರಯೋಗಾಲಯದಲ್ಲಿ ನಮ್ಮ ಮಕ್ಕಳ ಮೌನ

ಪಾಮನಕಲ್ಲೂರಿನಿಂದ ಬಿ.ಎಸ್ಸಿ. ಓದಲು ರಾಯಚೂರಿಗೆ ಹೋದ ವಿದ್ಯಾರ್ಥಿನಿಯೊಬ್ಬಳು ರಜೆಗೆ ಊರಿಗೆ ಬಂದಿದ್ದಳು. ಓದು ಹೇಗೆ ಸಾಗಿದೆಯೆಂದು ವಿಚಾರಿಸಿದೆವು. "ಪಾಠ ತಿಳೀತದ್ರಿ, ಆದ್ರ ಎದ್ದು ನಿಂತು ಕೇಳಾಕ ಬಾಯಿ ಬರಲ್ರಿ" ಎಂದಳು. ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲಿ ಅನುತ್ತೀರ್ಣಳಾಗಿದ್ದಾಳೆ. ಮನೆಯಲ್ಲಿ ಆಗಲೇ "ಬಿಡಿಸಿಬಿಡೋಣ" ಎಂಬ ಮಾತು ಎದ್ದಿದೆ.

ಈಕೆ ದಡ್ಡಳಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಒಳ್ಳೆಯ ಅಂಕ ಪಡೆದವಳು. ಆದರೆ ಪಿಯುಸಿ ವಿಜ್ಞಾನಕ್ಕೆ ಸೇರಿದೊಡನೆ 'ವೇಗೋತ್ಕರ್ಷ' ಹೋಗಿ 'ಎಕ್ಸಲರೇಷನ್' ಬಂದಿತು. 'ದ್ಯುತಿಸಂಶ್ಲೇಷಣೆ' ಹೋಗಿ 'ಫೋಟೋಸಿಂಥೆಸಿಸ್' ಬಂದಿತು. ಪದ ಬದಲಾದರೆ ಕಂಠಪಾಠ ಮಾಡಬಹುದು. ಸಂಶಯವನ್ನು ಹೇಳಿಕೊಳ್ಳುವ ಭಾಷೆಯೇ ಬದಲಾದರೆ ಏನು ಮಾಡಬೇಕು? ಬ್ಯುರೆಟ್ಟಿನ ಅಳತೆಯನ್ನು ತಪ್ಪದೆ ಓದುವ ಕೈ ಅದೇ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೆದುರು ತಲೆತಗ್ಗಿಸಿ ನಿಲ್ಲುವವಳೂ ಅವಳೇ.

ಹಾಗಾದರೆ ಮಕ್ಕಳನ್ನೆಲ್ಲ ಎಲ್.ಕೆ.ಜಿ.ಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬೇಕೆಂದು ಕೆಲವು ಪೋಷಕರು ವಾದಿಸುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಕನ್ನಡದಲ್ಲಿ ವಿಜ್ಞಾನವನ್ನು ಹೇಳಬಹುದೆಂದು ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ 'ವಿಜ್ಞಾನ' ಪತ್ರಿಕೆಯ ಮೂಲಕ ತೋರಿಸಿದ್ದರು. ಇಂಗ್ಲಿಷ್ ಬೇಡವೆಂದಲ್ಲ. ವಿಶ್ವವು ಹಿಗ್ಗುತ್ತಿದೆಯೆಂಬ ಪ್ರಬಂಧವನ್ನು ಬೆಲ್ಜಿಯಂನ ಕಥೋಲಿಕ ಗುರು ಜಾರ್ಜ್ ಲೆಮೇತ್ರ್ 1927ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದಾಗ ಗಮನಿಸಿದವರು ವಿರಳ. 1931ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾದ ಮೇಲೆಯೇ ಹೆಚ್ಚಿನವರು ಕಣ್ಣರಳಿಸಿದರು. ಭಾಷೆಯ ಗೋಡೆ ಅಂಥ ಮೇಧಾವಿಗೂ ಎದುರಾಗಿತ್ತು. ನಮ್ಮ ಹುಡುಗಿಗೆ ಎದುರಾದರೆ ಮಾತ್ರ ಅದು ಅವಳ ದೋಷವಾಗುವುದೇಕೆ?

ನಮ್ಮ ಸೀಮೆಗೆ ವಿಜ್ಞಾನ ಪರಕೀಯವಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಸಿಂಧನೂರಿನ ನಾಲೆಯ ಬಯಲಿನಲ್ಲಿ ನೀರು ಬಸಿಯಲು ದಾರಿಯಿಲ್ಲದೆ ಉಪ್ಪು ಮೇಲೆದ್ದು ಸವಳಾದ ಗದ್ದೆಗಳಿವೆ. ಸವಳು ನೆಲದ ಬಿಳಿಪೊರೆಯನ್ನು ಬಾಲ್ಯದಿಂದ ತುಳಿದ ಮಗುವಿಗೆ ತರಗತಿಯಲ್ಲಿ 'ಸಲಿನಿಟಿ' ಎಂದರೆ ಅದು ಬೇರಾವುದೋ ದೇಶದ ರೋಗವೆಂದು ತೋರುತ್ತದೆ. ಅಧ್ಯಾಪಕರು ಒಮ್ಮೆ "ಇದೇ ನಿಮ್ಮೂರ ಸವಳು" ಎಂದರೆ ಸಾಕು, ಅರ್ಧ ಪಾಠ ಮುಗಿದಂತೆ.

ಸಂವಿಧಾನದ 371ಜೆ ವಿಧಿಯು 2013ರಲ್ಲಿ ಜಾರಿಗೆ ಬಂದು ಈ ಭಾಗದ ಮಕ್ಕಳಿಗೆ ಸೀಟುಗಳ ಮೀಸಲಾತಿ ದೊರೆಯಿತು. ಹಿಂದೆ ಗುಲ್ಬರ್ಗ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಷ್ಟೇ ಇದ್ದ ರಾಯಚೂರಿಗೆ ಸ್ವಂತ ವಿಶ್ವವಿದ್ಯಾಲಯವೂ ಬಂದಿದೆ. ಬಾಗಿಲು ತೆರೆದಿದೆಯೆಂಬುದು ನಿಜ. ಆದರೆ ಒಳಹೊಕ್ಕವರ ಮೊದಲ ವರ್ಷವನ್ನು ಕಾಯುವವರಾರು? ಮಗ ಅನುತ್ತೀರ್ಣನಾದರೆ "ಇನ್ನೊಮ್ಮೆ ಕಟ್ಟಲಿ" ಎನ್ನುವ ಮನೆಯೇ ಮಗಳಿಗೆ ಗಂಡು ನೋಡಲು ಹೊರಡುತ್ತದೆ. ಗುಳೆ ಹೋಗಿ ದುಡಿದು ಶುಲ್ಕ ತೆತ್ತ ತಂದೆತಾಯಿಯರ ಸಂಕಟವನ್ನು ನಾವು ಲಘುವಾಗಿ ಕಾಣುತ್ತಿಲ್ಲ. ಒಂದು ವರ್ಷ ತಾಳಿರೆಂದಷ್ಟೇ ಅವರನ್ನು ಬೇಡುತ್ತೇವೆ.

ಧರ್ಮಕೇಂದ್ರಗಳಿಂದಲೂ ಆಗಬೇಕಾದುದಿದೆ. ಭಾನುವಾರ ಬಲಿಪೂಜೆಯ ನಂತರ ಖಾಲಿ ಬೀಳುವ ಕೋಣೆಯಲ್ಲಿ, ಪದವಿ ಮುಗಿಸಿದ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಎರಡು ತಾಸು ಪಾಠ ಹೇಳಲಿ. ಇದಕ್ಕೆ ನಿಧಿ ಸಂಗ್ರಹ ಬೇಡ, ಕರಿಹಲಗೆಯೊಂದು ಸಾಕು. ಮತಭೇದವೆಣಿಸದೆ ಊರ ಮಕ್ಕಳೆಲ್ಲರೂ ಬರಲಿ.

ಆ ವಿದ್ಯಾರ್ಥಿನಿಯ ತಂದೆ ಕೊನೆಗೂ ಪರೀಕ್ಷಾ ಶುಲ್ಕ ಕಟ್ಟಿದ್ದಾರೆ. ಗಣಿತ ಹೇಳಿಕೊಡಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕಳೆದ ಭಾನುವಾರ ನಮ್ಮನ್ನು ಕೇಳಿದರು.