ಪರೀಕ್ಷೆ ಡಾಕ್ಟರರದು, ಪ್ರಾಣ ನಮ್ಮದು

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ–ಹುಣಸಗಿ ಸೀಮೆಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಭತ್ತದ ಹಿಂದೆ ಇಲಿ, ಇಲಿಯ ಹಿಂದೆ ಹಾವು. ಕೊಡೇಕಲ್ಲಿನವರಿಗೆ ಇದನ್ನು ಹೇಳಬೇಕಾಗಿಲ್ಲ.

ನೆಲದ ಮೇಲೆ ಮಲಗಿದ ಕೂಲಿಯವನಿಗೆ ರಾತ್ರಿ ಕಟ್ಟುಹಾವು ಕಚ್ಚಿದರೆ ನೋವಿಲ್ಲ, ಬಾವಿಲ್ಲ, ಗಾಯವೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ಕಣ್ಣಿನ ರೆಪ್ಪೆ ಜೋಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕರ ವಿಷಕ್ಕೂ ಒಂದೇ ಮದ್ದಿದೆ. ಆದರೆ ಗುರುತಿಸಿದರೆ ತಾನೇ ಕೊಡುವುದು? ದವಾಖಾನೆಯ ಆ ಒಬ್ಬ ಡಾಕ್ಟರು ಹೊಟ್ಟೆಯ ರೋಗ, ನರದ ರೋಗ, ವಿಷದ ಲಕ್ಷಣ ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ನೆನೆಯಬೇಕು.

ಎಂ.ಬಿ.ಬಿ.ಎಸ್. ಮುಗಿಸಿದವರು ತಜ್ಞರಾಗಲು ನೀಟ್ ಪಿಜಿ ಪರೀಕ್ಷೆ ಬರೆಯುತ್ತಾರೆ. ಎಲ್ಲ ವಿಷಯಗಳಿಂದ 200 ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ. ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಕೆಲವು ವರ್ಷ ಮಾಸ್ತರಿಕೆ ಮಾಡಿದ ನಾನು ಪ್ರಶ್ನೆಪತ್ರಿಕೆಯನ್ನು ಹಳಿಯಲಾರೆ. ಪ್ರಶ್ನೆಯಿಲ್ಲದೆ ಓದು ಗಟ್ಟಿಯಾಗದು. ಆದರೆ ರೋಗಿ ನಾಲ್ಕು ಉತ್ತರ ಹಿಡಿದುಕೊಂಡು ಬರುವುದಿಲ್ಲ. "ಹೊಟ್ಯಾಗ ತಿರುವಿದಂಗ ಆಗ್ತದ್ರಿ ಸಾಹೇಬ್ರ" ಎನ್ನುತ್ತಾನೆ. ಆಗ ಅವನ ಕಣ್ಣು ನೋಡಿ, "ರಾತ್ರಿ ಎಲ್ಲಿ ಮಕ್ಕೊಂಡಿದ್ದಿ, ನೆಲದ ಮ್ಯಾಲೇನು?" ಎಂದು ಕೇಳುವ ಬುದ್ಧಿಯನ್ನು ನಾಲ್ಕರಲ್ಲೊಂದಕ್ಕೆ ಗುರುತು ಹಾಕಿಸುವ ಪರೀಕ್ಷೆ ಅಳೆಯಲಾರದು.

ಎರಡನೆಯ ಮಾತು ಹಣದ್ದು. ಕೆಲಸ ಬಿಟ್ಟು, ಶುಲ್ಕ ಕೊಟ್ಟು, ಕೋಚಿಂಗಿನಲ್ಲಿ ಕುಳಿತವರೂ, ಹಳ್ಳಿಯಲ್ಲಿ ರಾತ್ರಿ ಹೆರಿಗೆ ಮಾಡಿಸಿ ಹಗಲು ಜ್ವರ ನೋಡಿದವರೂ ಒಂದೇ ಪತ್ರಿಕೆ ಬರೆಯುತ್ತಾರೆ. ಇದು ಸಮಾನತೆಯೇ? 2023ರಲ್ಲಿ ಸೀಟುಗಳು ಖಾಲಿ ಉಳಿದಾಗ ಕೇಂದ್ರ ಸರಕಾರ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೇ ಇಳಿಸಿತು. ಪರೀಕ್ಷೆಗೆ ಕೂತವರೆಲ್ಲ ಅರ್ಹರಾದರು. ಹೀಗಾದ ಮೇಲೆ ಖಾಸಗಿ ಕಾಲೇಜಿನ ದುಬಾರಿ ಸೀಟಿಗೆ ತೂಗುವುದು ಅಂಕವೋ, ಥೈಲಿಯೋ?

ಯಾದಗಿರಿಯಲ್ಲಿ 2022ರಿಂದ ಸರಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ನಮ್ಮ ಬೇಡಿಕೆ ಆಕಾಶದ್ದಲ್ಲ. ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ತರುಣ ಡಾಕ್ಟರರಿಗೆ ಅಲ್ಲಿ ವಾರಕ್ಕೊಂದು ದಿನ ಪುಕ್ಕಟೆ ಪಾಠ ನಡೆಯಲಿ. ಪ್ರಶ್ನೆಪತ್ರಿಕೆ ಬಿಡಿಸಿದ ಮೇಲೆ ಅವರನ್ನು ವಾರ್ಡಿನಲ್ಲಿ ರೋಗಿಯ ಮುಂದೆ ನಿಲ್ಲಿಸಿ ಕೇಳಲಿ. ಆ ದಿನ ಹಳ್ಳಿಯ ದವಾಖಾನೆಗೆ ಬದಲಿ ಡಾಕ್ಟರರನ್ನು ಕಳಿಸಲಿ.

ಗಿರಣಿಯ ಬಂಧುಗಳೇ, ಸಂತೆಯ ವ್ಯಾಪಾರಿಗಳೇ, ಇದು ಓದಿದವರ ಗೊಡವೆ, ನಮಗೇಕೆ ಎನ್ನಬೇಡಿ. ನಡುರಾತ್ರಿ ದವಾಖಾನೆಯ ಬಾಗಿಲು ಬಡಿಯುವವರು ನಾವೇ.